ಹವಾಲ್ದಾರರ ಟ್ಯಾಂಕಿನ ಚೈನು

ಇವತ್ತು ಬೆಳಿಗ್ಗೆ ಗಿರಾಕಿಯೊಬ್ಬರ ಚಷ್ಮಾದ ಕಡ್ಡಿಯನ್ನು ಬಿಸಿ ಗಾಳಿಗೆ ಹಿಡಿದು ಅವರ ಕಿವಿಯ ಅಳತೆಗೆ ಬಗ್ಗಿಸುತ್ತಿದ್ದೆ. ಮನಸ್ಸು ಎಲ್ಲೋ ಹೋಯಿತು, ಕಡ್ಡಿ ತುಸು ಹೆಚ್ಚೇ ಕಾಯಿತು, ಪ್ಲಾಸ್ಟಿಕ್ ಕರಗುವ ವಾಸನೆ ಅಂಗಡಿಯ ತುಂಬ ಎದ್ದಿತು. ಗಿರಾಕಿ ಮೂಗಿಗೆ ಕರವಸ್ತ್ರ ಹಿಡಿದರು. ನಾನು ಮಾತ್ರ ಎರಡು ಸಲ ಉದ್ದಕ್ಕೆ ಉಸಿರೆಳೆದುಕೊಂಡೆ. ಮೊದಲ ಮಳೆಯ ಮಣ್ಣಿನ ವಾಸನೆಗೆ, ಮಲ್ಲಿಗೆಯ ವಾಸನೆಗೆ ಹಳೆಯದೆಲ್ಲ ನೆನಪಾಗುವ ಭಾಗ್ಯವಂತರಿದ್ದಾರೆ. ನನಗೆ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಗೆ ಕಟಕೋಳದ ಹವಾಲ್ದಾರ್ ಈರಪ್ಪನವರು ನೆನಪಾಗುತ್ತಾರೆ. ಅವರವರ ಯೋಗ್ಯತೆಗೆ ತಕ್ಕ ಕಾವ್ಯ.

ಮೊದಲು ನನ್ನ ಪರಿಚಯ ಹೇಳಿಬಿಡುತ್ತೇನೆ, ಆಮೇಲೆ ನೀವು ನಕ್ಕರೂ ಅಡ್ಡಿಯಿಲ್ಲ. ಬೈಲಹೊಂಗಲದ ಬಜಾರಿನಲ್ಲಿ ನನ್ನದೊಂದು ಚಷ್ಮಾದ ಅಂಗಡಿ ಇದೆ. ನಮ್ಮದು ಸಿರಸಂಗಿ ಕಡೆಯ ಪೌರೋಹಿತ್ಯದ ಮನೆತನ. ನಮ್ಮಪ್ಪ ಯಜಮಾನರ ಜೊತೆ ಮಳೆ ಬೆಳೆಯ ಮಾತಾಡುತ್ತಲೇ, ಕೈಯ ಕಡೆ ಕಣ್ಣೂ ಹಾಯಿಸದೆ, ದರ್ಭೆಯ ಪವಿತ್ರ ಗಂಟು ಹಾಕಿ ಮುಗಿಸುತ್ತಿದ್ದರು. ಅವರ ಬೆರಳು ನನಗೆ ಬಂದವು, ಮಂತ್ರ ಬರಲಿಲ್ಲ. ಬರೀ ಬೆರಳು ಇಟ್ಟುಕೊಂಡು ಏನು ಮಾಡುವುದೆಂದು ಚಷ್ಮಾ ಮಾರಲು ಕೂತೆ. ಆದರೂ ಊರವರ ಬಾಯಲ್ಲಿ ನಾನು ಇನ್ನೂ ಆಚಾರ್ರೇ. ಸತ್ಯನಾರಾಯಣ ಪೂಜೆಗೆ ಕರೆಯುವುದಿಲ್ಲ, ಕಣ್ಣು ಮಂಜಾದಾಗ ಕರೆಯುತ್ತಾರೆ, ಅಷ್ಟೇ ವ್ಯತ್ಯಾಸ.

ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ ನಾನು ಯುದ್ಧದ ಟ್ಯಾಂಕುಗಳನ್ನು ಮಾಡುತ್ತಿದ್ದೆ. ಆಟಿಕೆ ಅಂತ ಅನ್ನಬೇಡಿ, ಆ ಮಾತಿಗೆ ನಮ್ಮ ಪೈಕಿಯವರು ಸಿಟ್ಟಾಗುತ್ತಾರೆ. ಅಸಲಿ ಟ್ಯಾಂಕಿನ ಮೂವತ್ತೈದರಲ್ಲಿ ಒಂದು ಪಾಲು ಅಳತೆಯ ಪ್ಲಾಸ್ಟಿಕ್ ಭಾಗಗಳು ಡಬ್ಬಿಯಲ್ಲಿ ಬರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿಯಬೇಕು. ಮುಗಿದಾಗ ಎರಡು ಅಂಗೈ ಜೋಡಿಸಿ ಹಿಡಿದರೆ ಕೂರುವಷ್ಟು ದೊಡ್ಡ ಟ್ಯಾಂಕು. ಆಮೇಲೆ ಅದರ ಉಪಯೋಗ ಏನು ಎಂದು ಕೇಳಿದರೆ, ಧೂಳು ಒರೆಸುವುದು. ಧಾರವಾಡದ ನಮ್ಮ ಸೋದರಮಾವ ಒಮ್ಮೆ ಬಂದವರು ಶೆಲ್ಫು ನೋಡಿ, "ನಿಮ್ಮಪ್ಪ ಶಾಂತಿ ಮಂತ್ರಾ ಹೇಳ್ಕೋತ ಹೋದ, ನೀ ದಂಡು ಕಟ್ಟಲಿಕ್ಕೆ ಹತ್ತೀ," ಎಂದು ಹೇಳಿ ಚಹಾ ಕುಡಿದು ಹೋದರು.

ಕೆಲವು ವರ್ಷಗಳ ಹಿಂದೆ ಈರಪ್ಪನವರು ಮೊದಲ ಸಲ ಬಂದದ್ದು ಕಣ್ಣು ತೋರಿಸಲಿಕ್ಕೆ. ತಲೆಗೆ ಬಿಳಿ ಪಟಕ, ಒತ್ತಿ ಕತ್ತರಿಸಿದ ಮೀಸೆ, ಕೂತರೂ ನೆಟ್ಟಗೆ ಕೂರುವ ಬೆನ್ನು. ಎದುರಿನ ಗೋಡೆಯ ಅಕ್ಷರದ ಹಲಗೆ ತೋರಿಸಿ ಓದಿ ಎಂದೆ. ಎರಡು ಸಾಲು ಓದಿದರು, ಮೂರನೆಯದಕ್ಕೆ ತಡವರಿಸಿದರು. ಅವರ ಕಣ್ಣು ಹಲಗೆ ಬಿಟ್ಟು ಪಕ್ಕದ ಶೆಲ್ಫಿಗೆ ಹೋಗಿತ್ತು.

"ಅಕ್ಷರಾ ಇರ್ಲಿ ಬಿಡ್ರಿ, ಆಚಾರ್ರ," ಎಂದರು. "ಆ ಟ್ಯಾಂಕಿನ ಚೈನ್ ಸುಳ್ಳ ಐತಿ."

ಟ್ಯಾಂಕಿನ ಗಾಲಿಗಳ ಮೇಲೆ ಸುತ್ತಿಕೊಂಡಿರುವ ಕಬ್ಬಿಣದ ಪಟ್ಟಿಗೆ ಅವರು ಚೈನ್ ಎನ್ನುತ್ತಿದ್ದರು, ನಮ್ಮ ಕಡೆ ಮಣ್ಣು ತೋಡುವ ಯಂತ್ರದ್ದಕ್ಕೂ ಹಾಗೇ ಅನ್ನುತ್ತಾರೆ. ಮೂರನೇ ಸಾಲಿನ ಅಕ್ಷರ ಕಾಣದ ಕಣ್ಣಿಗೆ ಅಷ್ಟು ದೂರದಿಂದ ಚೈನಿನ ಕೊಂಡಿ ಹೇಗೆ ಕಂಡಿತು ಎಂಬುದಕ್ಕೆ ನನ್ನ ವಿದ್ಯೆಯಲ್ಲಿ ಉತ್ತರವಿಲ್ಲ. ತಕ್ಕ ಮಟ್ಟಿಗೆ ಕೋಪವೂ ಬಂತು. ಆ ಚೈನು ನಾನು ಡಬ್ಬಿಯಲ್ಲಿ ಬಂದದ್ದನ್ನೇ ಹಾಕಿದ್ದೆ, ಡಬ್ಬಿಯ ಮೇಲೆ ಅಸಲಿ ಎಂದು ಬರೆದಿತ್ತು.

"ನೀವು ಟ್ಯಾಂಕಿನ ಪಲ್ಟನ್ನಿನಾಗ ಇದ್ರೇನ್ರಿ?" ಎಂದು ಕೇಳಿದೆ.

"ಅದರ ಸಲುವಾಗೇ ನಮ್ಮೂರಾಗ ಜಗಳಾ ನಡದೈತ್ರಿ," ಎಂದು ಅವರು ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡರು.

ಜಗಳ ಹೀಗಿತ್ತು. ಈರಪ್ಪನವರು ಸೈನ್ಯದಲ್ಲಿ ಟ್ಯಾಂಕು ನಡೆಸುತ್ತಿದ್ದರು. ಪಿಂಚಣಿಯ ಮೇಲೆ ಊರಿಗೆ ಬಂದು ಹೊಲ ಮಾಡಿಕೊಂಡಿದ್ದರು. ಅದೇ ಊರಿನ ಸುಬೇದಾರ್ ರುದ್ರಗೌಡರೂ ಸೈನ್ಯದಿಂದ ಬಂದವರು. ಒಬ್ಬ ಹವಾಲ್ದಾರ, ಒಬ್ಬ ಸುಬೇದಾರ ಇದ್ದ ಊರಿನಲ್ಲಿ ಗಡಿ ಬೇರೆ ಬೇಕಿಲ್ಲ. ಸುಬೇದಾರರ ಮೀಸೆ ದೊಡ್ಡದು, ಕಟ್ಟೆಯ ಮೇಲೆ ಅವರ ಕಥೆಗಳೂ ದೊಡ್ಡವು. ಒಂದು ದಿನ ಅವರು ನಾಲ್ಕು ಮಂದಿಯ ಮುಂದೆ, "ಈರಪ್ಪ ಎಲ್ಲಿ ಟ್ಯಾಂಕ್ ನಡಸ್ಯಾನ? ಲಂಗರ್‌ನಾಗ ರೊಟ್ಟಿ ತಿರುವ್ತಿದ್ದ," ಎಂದರಂತೆ. ಲಂಗರ್ ಎಂದರೆ ಪಲ್ಟನ್ನಿನ ಅಡಿಗೆಮನೆ. ಮಂದಿಗೆ ಆ ಮಾತು ರುಚಿಸಿತು. ಟ್ಯಾಂಕು ನಡೆಸಿದವನಿಗಿಂತ ರೊಟ್ಟಿ ತಿರುವಿದವನ ಕಥೆ ಹೇಳಲಿಕ್ಕೆ ಹಗುರ. ಅಂದಿನಿಂದ ಈರಪ್ಪನವರು ಚಹಾದ ಅಂಗಡಿಗೆ ಹೋದರೆ ಯಾರಾದರೊಬ್ಬರು, "ಹವಾಲ್ದಾರ್ರ, ರೊಟ್ಟಿ ಉಬ್ಬೇತೇನ್ರಿ?" ಎಂದು ಕೇಳುತ್ತಿದ್ದರು.

"ಮೂರು ವರ್ಷ ಆತ್ರಿ, ನಾ ಊರಾಗ ಚಹಾ ಕುಡದು," ಎಂದರು ಈರಪ್ಪನವರು. ನಗಿಸಲಿಕ್ಕೆ ಹೇಳಿದ ಮಾತಲ್ಲ ಅದು. ಚಹಾ ತರಿಸಿದೆ.

ಕುಡಿದು ಕಪ್ಪು ಕೆಳಗಿಟ್ಟು ಹೇಳಿದರು: "ನನ್ನ ಗಾಡಿ ಹೆಂಗಿತ್ತೋ ಹಂಗ ಒಂದು ಮಾಡಿಕೊಡ್ರಿ. ಮಹಾನವಮಿಗೆ ಖಂಡೇಪೂಜಿ ದಿನ ನಮ್ಮೂರ ಹುಡುಗ್ರು ಮಾಜಿ ಸೈನಿಕರಿಗೆ ಸನ್ಮಾನ ಇಟ್ಕೊಂಡಾರ. ಮಂದಿ ಮುಂದ ಟ್ಯಾಂಕ್ ಇಡತೇನಿ, ಪೂಜಿ ಮಾಡಸ್ತೇನಿ. ಆಮ್ಯಾಲ ನೋಡೂಣು ಯಾರು ಏನ್ ಅಂತಾರ."

ಖಂಡೇಪೂಜೆ ಎಂದರೆ ನಮ್ಮ ಕಡೆಯ ಆಯುಧಪೂಜೆ. ಚೈನು ಅಸಲಿ ಆಗಬೇಕು, ಅದೊಂದೇ ಅವರ ಷರತ್ತು. ಹೂಂ ಎಂದೆ. ನನ್ನ ಹವ್ಯಾಸಕ್ಕೆ ಜನ್ಮದಲ್ಲಿ ಮೊದಲ ಸಲ ಒಂದು ಉಪಯೋಗ ಕಂಡಿತ್ತು, ಬಿಡುವುದು ಹೇಗೆ?

ಈಗ ಚೈನಿನ ವಿಷಯ. ಸ್ವಲ್ಪ ಸಹಿಸಿಕೊಳ್ಳಿ, ಇದನ್ನು ಮನೆಯಲ್ಲಿ ಯಾರೂ ಕೇಳಿಸಿಕೊಳ್ಳುವುದಿಲ್ಲ. ಬೇರೆ ಬೇರೆ ಕೊಂಡಿಗಳಾಗಿ ಬರುವ ಚೈನಿನ ಸೆಟ್ಟೊಂದನ್ನು ತರಿಸಿದೆ. ಒಂದೊಂದು ಕೊಂಡಿಯೂ ಜೋಳದ ಕಾಳಿಗಿಂತ ತುಸು ದೊಡ್ಡದು. ಈರಪ್ಪನವರು ಮುಂದಿನ ಸಂತೆಗೆ ಬಂದಾಗ ತೋರಿಸಿದೆ. ಕೊಂಡಿಯನ್ನು ಅಂಗೈಯಲ್ಲಿಟ್ಟುಕೊಂಡು, "ಇದರ ಮ್ಯಾಲ ರಬ್ಬರಿನ ಬಿಲ್ಲಿ ಇರ್ತಿತ್ರಿ, ಡಾಂಬರ್ ರಸ್ತೆ ಕೆಡಬಾರದಂತ," ಎಂದರು. ಹೊಸ ಫ್ರೇಮುಗಳಲ್ಲಿ ಲೆನ್ಸಿನ ಜಾಗಕ್ಕೆ ಒಂದು ಖಾಲಿ ಪ್ಲಾಸ್ಟಿಕ್ ಹಾಕಿ ಕಳಿಸುತ್ತಾರಲ್ಲ, ಅದನ್ನು ಕತ್ತರಿಸಿ ಒಂದೊಂದು ಕೊಂಡಿಗೂ ಎರಡೆರಡು ಬಿಲ್ಲೆ ಅಂಟಿಸಿದೆ. ಮುಂದಿನ ಸಂತೆಗೆ ಬಂದವರು ಮೆಚ್ಚಿ ತಲೆಯಾಡಿಸಿ, "ಆದ್ರ ಮರಭೂಮ್ಯಾಗ ಬಿಲ್ಲಿ ಎಲ್ಲಾ ಸವದ ಹೋಗಿದ್ದುವ್ರಿ," ಎಂದರು. ಅಂಟಿಸಿದ್ದನ್ನೆಲ್ಲ ಕಾನಸು, ಅಂದರೆ ಅರ, ಹಿಡಿದು ಉಜ್ಜಿ ಸವೆಸಿದೆ. ಅದರ ಮುಂದಿನ ಸಂತೆಗೆ, "ಎಲ್ಲಾ ಒಂದಽ ಥರಾ ಸವದಾವಲ್ರಿ. ಎಡಗಡೀದು ಹೆಚ್ಚ ಸವೀಬೇಕು. ನಾ ಎಡಕ್ಕ ಭಾಳ ತಿರಗಸ್ತಿದ್ದೆ," ಎಂದರು. ಒಬ್ಬ ಮನುಷ್ಯ ಎಡಕ್ಕೆ ಎಷ್ಟು ಸಲ ತಿರುಗಿದ ಎಂಬುದನ್ನು ಕಾನಸಿನಲ್ಲಿ ಬರೆಯುವ ಚರಿತ್ರಕಾರ ನಾನೊಬ್ಬನೇ ಇರಬೇಕು.

ಮೊಬೈಲಿನಲ್ಲಿ ನನ್ನಂಥವರ ಒಂದು ಗುಂಪಿದೆ. ಎಲ್ಲರೂ ಮಹಾ ಪಂಡಿತರು, ಯಾರೂ ಟ್ಯಾಂಕಿನೊಳಗೆ ಕೂತವರಲ್ಲ. ಎಡಗಡೆಯ ಚೈನು ಹೆಚ್ಚು ಸವೆದಿತ್ತು ಎಂದು ಅಲ್ಲಿ ಬರೆದೆ. ಆಧಾರ ಕೊಡಿ ಎಂದರು. ನಡೆಸಿದವರೇ ಹೇಳಿದ್ದಾರೆ ಎಂದೆ. ನಡೆಸಿದವರ ಮಾತು ಆಧಾರವಾಗುವುದಿಲ್ಲ, ಫೋಟೋ ಬೇಕು ಎಂದರು. ನಮ್ಮ ಮನೆತನದಲ್ಲೂ ಶ್ರಾದ್ಧದ ಅಡಿಗೆಗೆ ಇಂಥದೇ ವಾದ ನಡೆಯುತ್ತಿತ್ತು, ತೀರಿಕೊಂಡವರಿಗೆ ಏನು ಸೇರುತ್ತಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ.

ಕೊಂಡಿಗಳನ್ನು ಜೋಡಿಸುವ ಹೊತ್ತಿಗೆ ನನ್ನ ಕುತ್ತಿಗೆ ಹಿಡಿದುಕೊಂಡಿತು. ಊಟದ ಡಬ್ಬಿ ತಂದ ನನ್ನ ಹೆಂಡತಿ ಶಾಂತಾ ಸುಮ್ಮನೆ ನಿಂತು ನೋಡಿದಳು. ಆಮೇಲೆ, "ಸರೀರಿ, ಅತ್ಲಾಗ. ಇದು ಗೆಜ್ಜಿವಸ್ತ್ರಾ ಮಾಡಿಧಾಂಗ ಅದ," ಎಂದು ಕೂತೇಬಿಟ್ಟಳು. ದೇವರಿಗೆ ಏರಿಸುವ ಹತ್ತಿಯ ಗೆಜ್ಜೆವಸ್ತ್ರವನ್ನು ಅವಳು ಶ್ರಾವಣದಲ್ಲಿ ಮೊಳಗಟ್ಟಲೆ ಮಾಡುತ್ತಾಳೆ. ಒಂದು ಗೆಜ್ಜೆ ಹಿಂಜಿ, ಒತ್ತಿ, ಮುಂದಿನ ಗೆಜ್ಜೆ. ಅದೇ ಕೈ ಇಲ್ಲಿಯೂ ಓಡಿತು. ನಾಲ್ಕಾರು ಮಧ್ಯಾಹ್ನಗಳಲ್ಲಿ ಎರಡೂ ಕಡೆಯ ಚೈನು ಸಿದ್ಧವಾಯಿತು. ಗಾಲಿಗಳ ಮೇಲೆ ಹಾಕಿದರೆ ಅಸಲಿನ ಹಾಗೇ ಮೇಲುಭಾಗದಲ್ಲಿ ತುಸು ಜೋತುಬಿತ್ತು. "ಒಂದ್ ಹನಿ ಕುಂಕುಮ ಹಚ್ಚಲೇನ್ರಿ?" ಎಂದಳು. ಬೇಡ ಎಂದು ಕೈ ಮುಗಿದೆ.

ಚೈನು ನೋಡಿದ ಈರಪ್ಪನವರು ಟ್ಯಾಂಕನ್ನು ಹತ್ತಿರಕ್ಕೆ ಎಳೆದುಕೊಂಡರು. ಬೆರಳಿನಿಂದ ಕೊಂಡಿ ಕೊಂಡಿಯನ್ನೂ ತಡವಿದರು. ನಾನು ಹುರುಪಿನಿಂದ ತೋಪಿನ ನಳಿಗೆಯನ್ನು ಕೈಗೆತ್ತಿಕೊಂಡು, ಇದೊಂದು ಹಚ್ಚಿದರೆ ಮುಗಿಯಿತು ಎಂದೆ. ಆಗ ನನಗೊಂದು ವಿಷಯ ಹೊಳೆಯಿತು. ಇಷ್ಟು ಸಂತೆಗಳಲ್ಲಿ ಈ ಮನುಷ್ಯ ಚೈನಿನ ಬಗ್ಗೆ ನೂರು ಮಾತಾಡಿದ್ದರು, ತೋಪಿನ ಬಗ್ಗೆ ಒಂದೂ ಇಲ್ಲ. ನಾನು ನಳಿಗೆ ತೋರಿಸಿದಾಗಲೆಲ್ಲ ಬಾಗಿಲಿನ ಕಡೆ ನೋಡುತ್ತಿದ್ದರು.

"ಆಚಾರ್ರ, ಅಂಗಡ್ಯಾಗ ಯಾರೂ ಇಲ್ಲಲ್ರಿ?" ಎಂದು ಕೇಳಿದರು. ಇಲ್ಲ ಎಂದೆ. "ನಮ್ಮ ಗಾಡಿಗೆ ತೋಪ್ ಇದ್ದಿದ್ದಿಲ್ರಿ."

ನಾನು ನಳಿಗೆ ಹಿಡಿದುಕೊಂಡೇ ಕೂತೆ.

"ತೋಪಿನ ಜಾಗಾದಾಗ ಕ್ರೇನ್ ಇತ್ರಿ. ಹಿಂದ ದೊಡ್ಡ ಉಕ್ಕಿನ ಹಗ್ಗಾ ಇತ್ತು. ಬ್ಯಾರೆ ಟ್ಯಾಂಕ್ ಉಸುಕಿನಾಗ ಹುಗದ್ರ, ಚೈನ್ ಹರಕೊಂಡು ನಿಂತ್ರ, ಹೋಗಿ ಜಗ್ಗಿಕೊಂಡು ಬರೂದು. ಅದಽ ನಮ್ಮ ಕೆಲಸಾ. ಗಾಡಿ ಟ್ಯಾಂಕಿನದಽ, ಚೈನ್ ಟ್ಯಾಂಕಿನದಽ, ಖರೆ ತೋಪ್ ಇಲ್ಲ."

ಇದನ್ನು ಊರಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮೊದಲ ರಜೆಯಲ್ಲಿ ಬಂದಾಗ ಟ್ಯಾಂಕು ನಡೆಸುತ್ತೇನೆ ಎಂದಿದ್ದರಂತೆ. ಕೇಳಿದವರೆಲ್ಲ ಎಷ್ಟು ಗುಂಡು ಹಾರಿಸಿದೆ, ಎಷ್ಟು ಮಂದಿ ಸತ್ತರು ಎಂದೇ ಕೇಳಿದರು. ಇವರು ಮೀಸೆಯಲ್ಲೇ ನಕ್ಕು ಸುಮ್ಮನಾದರು. ಸುಮ್ಮನಾದದ್ದನ್ನು ಊರು ಲೆಕ್ಕವಿಲ್ಲದಷ್ಟು ಎಂದು ಅರ್ಥ ಮಾಡಿಕೊಂಡಿತು. ಅದೇ ರಜೆಯಲ್ಲಿ ಹೆಣ್ಣು ನೋಡಿದರು. "ಮಾವ ತೋಪಿನ ಟ್ಯಾಂಕ್ ನಡಸವ ಅಂತ ತಿಳದು ಗಂಗವ್ವನ್ನ ಕೊಟ್ಟಾನ್ರಿ. ಈಗ ತೋಪ್ ಇರ್ಲಿಲ್ಲ ಅಂದ್ರ, ಆಕಿನೂ ರೊಟ್ಟಿ ಮಾತ ಖರೆ ಅಂತ ತಿಳೀತಾಳ," ಎಂದರು.

ಆ ಹೊತ್ತಿಗೆ ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು, ಅದನ್ನು ಹಾಗೇ ಹೇಳುತ್ತೇನೆ. ಸುಳ್ಳು ಹೇಳದೆಯೇ ಸುಳ್ಳಿನೊಳಗೆ ಸಿಕ್ಕಿಬಿದ್ದವರು. ಅವರನ್ನು ಜಗ್ಗಲಿಕ್ಕೆ ಯಾವ ಗಾಡಿಯೂ ಬಂದಿರಲಿಲ್ಲ.

ಅವರೇ ಒಂದು ದಾರಿ ಹೇಳಿದರು. ಊರಿನ ಸಲುವಾಗಿ ತೋಪು ಹಚ್ಚಿದ್ದೊಂದು ಇರಲಿ. ತೋಪಿಲ್ಲದ್ದು ಇನ್ನೊಂದು ಮಾಡಿ, ಅದನ್ನು ತಮಗೆ ಗುಟ್ಟಾಗಿ ಕೊಡಬೇಕು. "ಟ್ರಂಕಿನಾಗ ಇಟ್ಕೊಂಡಿರತೇನಿ. ಆಗಾಗ ತಗದು ನೋಡತೇನಿ," ಎಂದರು. ಹಾಗೇ ಆಗಲಿ ಎಂದು ಎರಡನೇ ಡಬ್ಬಿ ತರಿಸಿದೆ. ಮತ್ತೆ ಬಿಲ್ಲೆ, ಮತ್ತೆ ಕಾನಸು, ಮತ್ತೆ ಎಡಗಡೆ ಹೆಚ್ಚು, ಮತ್ತೆ ಶಾಂತಾಳ ಗೆಜ್ಜೆವಸ್ತ್ರ. ತೋಪಿನ ಗೋಪುರ ತೆಗೆದುಹಾಕಿ ಆ ಜಾಗಕ್ಕೆ ಪ್ಲಾಸ್ಟಿಕ್ ಹಾಳೆಯ ಪೆಟ್ಟಿಗೆ ಕೂರಿಸಿದೆ. ಕ್ರೇನಿನ ತೋಳಿಗೆ ವಾಸನೆ ಏಳುವಷ್ಟು ಕಾಯಿಸಿ ಬಗ್ಗಿಸಿದ ಮುರಿದ ಚಷ್ಮಾದ ಕಡ್ಡಿ, ಉಕ್ಕಿನ ಹಗ್ಗಕ್ಕೆ ಮೇಣ ಹಚ್ಚಿ ಹೊಸೆದ ಹೊಲಿಗೆ ದಾರ, ಅದರ ತುದಿಗೊಂದು ತಂತಿಯ ಕೊಕ್ಕೆ. ಎರಡಕ್ಕೂ ಚೈನಿನ ಸಂದಿಗಳಲ್ಲಿ ಕೆಸರಿನ ಬಣ್ಣ ಬಳಿದೆ. ಒಣಗಿದ ಕೆಸರು, ಹಸಿ ಕೆಸರು, ಅದರ ಮೇಲೆ ಧೂಳು. ಒಂದು ಟ್ಯಾಂಕು ಚೆನ್ನಾಗಿ ಹೊಲಸು ಕಾಣಬೇಕಾದರೆ ತಿಂಗಳು ಹಿಡಿಯುತ್ತದೆ. ನನ್ನ ಕೆಲಸದಲ್ಲಿ ನನಗೆ ಹೆಮ್ಮೆ ಇದ್ದದ್ದು ಆ ಹೊಲಸಿನ ಬಗ್ಗೆಯೇ.

ಖಂಡೇಪೂಜೆಯ ದಿನ ನಾನೂ ಶಾಂತಾಳೂ ಸೀರೆಯ ಡಬ್ಬಿಗಳಲ್ಲಿ ಟ್ಯಾಂಕುಗಳನ್ನಿಟ್ಟುಕೊಂಡು ಯರಗಟ್ಟಿಯ ಮೇಲೆ ಹಾಯುವ ಬಸ್ಸು ಹತ್ತಿದೆವು. ಹಬ್ಬದ ಗದ್ದಲ, ನಿಲ್ಲಲೂ ಜಾಗವಿಲ್ಲ. ಶಾಂತಾ ಕಂಡಕ್ಟರಿಗೆ, "ಡಬ್ಬಿಯೊಳಗ ದೇವರು ಅವ, ಮಂದಿ ಬೀಳಲಾರಧಾಂಗ ನೋಡ್ಕೋರಿ," ಎಂದಳು. ಅವರು ಡಬ್ಬಿ ಮುಟ್ಟಿ ಕಣ್ಣಿಗೊತ್ತಿಕೊಂಡು ಸೀಟು ಕೊಡಿಸಿದರು. ಹಿಂದಿನ ಹೆಂಗಸರೂ ಒಬ್ಬೊಬ್ಬರಾಗಿ ಮುಟ್ಟಿ ನಮಸ್ಕಾರ ಮಾಡಿದರು. ಕಟಕೋಳ ಬರುವ ತನಕ ನಮ್ಮ ಟ್ಯಾಂಕುಗಳಿಗೆ ನಡೆದ ಸೇವೆ ಸಾಮಾನ್ಯ ದೇವರಿಗೆ ಸಿಗುವಂಥದ್ದಲ್ಲ.

ಗುಟ್ಟಿನದನ್ನು ಶಾಂತಾಳ ಕೈಯ ಡಬ್ಬಿಯಲ್ಲೇ ಬಿಟ್ಟು, ತೋಪಿನ ಟ್ಯಾಂಕನ್ನು ಈರಪ್ಪನವರ ಮನೆಯಲ್ಲಿ ಕೊಟ್ಟು ಕೈಕಾಲು ತೊಳೆಯಲು ಹೋದೆ. ಅಷ್ಟರೊಳಗೆ ಅವರ ಹೆಂಡತಿ ಗಂಗವ್ವ ಅದನ್ನು ನೋಡಿದ್ದರು. ನಾನು ತಿರುಗಿ ಬರುವಾಗ ಅವರ ಕೈಯಲ್ಲಿ ಒದ್ದೆ ಅರಿವೆ ಇತ್ತು.

"ಪೂಜಿಗಿ ಇಡೂ ಗಾಡಿರೀ, ಎಷ್ಟ್ ರಾಡಿ ಆಗಿತ್ತ್ ನೋಡ್ರಿ. ಎಲ್ಲಾ ತಿಕ್ಕಿ ತಗದೇನಿ," ಎಂದು ನನಗೇ ತೋರಿಸಿದರು. ತಿಂಗಳ ಹೊಲಸು ಅರಿವೆಯಲ್ಲಿತ್ತು. ಟ್ಯಾಂಕು ಆಗತಾನೆ ಮಿಂದ ಎಮ್ಮೆಯ ಹಾಗೆ ಮಿರಮಿರ ಮಿಂಚುತ್ತಿತ್ತು. ಅವರು ಹೇಳಿದ್ದೂ ಸರಿಯೇ, ಆ ದಿನ ಊರಿನ ಯಾವ ಟ್ರ್ಯಾಕ್ಟರಿಗೂ ಕೆಸರಿರಲಿಲ್ಲ. ಛಲೋ ಮಾಡಿದ್ರಿ ಎಂದೆ. ಶಾಂತಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಸಮುದಾಯ ಭವನದ ಮುಂದೆ ಕಬ್ಬು ಕಟ್ಟಿದ ಟ್ರ್ಯಾಕ್ಟರುಗಳ ಸಾಲು. ಒಳಗೆ ವೇದಿಕೆ, ಶಾಲುಗಳ ಗುಡ್ಡೆ, ಮೈಕು. ಸನ್ಮಾನ ಮಾಡಿಸಿಕೊಳ್ಳುವವರು ನಾಲ್ವರು, ಮಾಡುವವರು ಅದಕ್ಕಿಂತ ಬಹಳ. ಸನ್ಮಾನ ಇಟ್ಟುಕೊಂಡ ಗೆಳೆಯರ ಬಳಗದ ಅಧ್ಯಕ್ಷರು ದೇಶಪ್ರೇಮದ ಬಗ್ಗೆ ಮಾತಾಡಿ ಮಾತಾಡಿ ಗಂಟಲು ಕಟ್ಟಿಸಿಕೊಂಡರು. ಸುಬೇದಾರ್ ರುದ್ರಗೌಡರು ನಡುವಿನ ಕುರ್ಚಿಯಲ್ಲಿ ಮೀಸೆ ತಿರುವುತ್ತ ಕೂತಿದ್ದರು. ಟ್ಯಾಂಕನ್ನು ಅಕ್ಕಿ ತುಂಬಿದ ಅಗಲವಾದ ಪರಾತದ ಮೇಲಿಟ್ಟು ವಿಭೂತಿ, ಭಂಡಾರ, ಕುಂಕುಮ, ಚೆಂಡುಹೂ ಏರಿಸಿದರು. ಹೂವಿನೊಳಗಿಂದ ತೋಪಿನ ತುದಿ ಮಾತ್ರ ಕಾಣುತ್ತಿತ್ತು. ಜನ ಮುಂದೆ ಬಾಗಿ ನೋಡಿದರು. ಯಾರೋ, "ಖರೇನ ಟ್ಯಾಂಕ್ ನಡಸ್ಯಾನೋ ಏನೋ," ಎಂದದ್ದು ನನಗೂ ಕೇಳಿಸಿತು, ಈರಪ್ಪನವರಿಗೂ ಕೇಳಿಸಿರಬೇಕು. ಅವರ ಬೆನ್ನು ಇನ್ನಷ್ಟು ನೆಟ್ಟಗಾಯಿತು.

ಅಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಪೂಜೆಯಾದ ಗಾಡಿ ನಿಂಬೆಹಣ್ಣು ತುಳಿಯಬೇಕಲ್ಲ. ನಮ್ಮ ಕಡೆ ಸೈಕಲ್ಲೇ ಇರಲಿ, ಲಾರಿಯೇ ಇರಲಿ, ಗಾಲಿಯ ಕೆಳಗೆ ನಿಂಬೆಹಣ್ಣಿಟ್ಟು ಒಡೆಸದೆ ಬಿಡುವವರು ಯಾರಿದ್ದಾರೆ? ಅಧ್ಯಕ್ಷರು ಎರಡು ದಪ್ಪ ನಿಂಬೆಹಣ್ಣು ತಂದು ಎರಡೂ ಚೈನಿನ ಮುಂದೆ ಇಟ್ಟರು. ಮೂವತ್ತೈದರ ಲೆಕ್ಕದಲ್ಲಿ ಅವು ಎದೆಯೆತ್ತರದ ಬಂಡೆಗಳು. ನಾನು ಕೈ ಎತ್ತಿ ಬೇಡ ಎನ್ನುವಷ್ಟರಲ್ಲಿ ಅವರು, "ಭಾರತ ಮಾತಾ ಕೀ," ಎಂದು ಕೂಗಿ ಟ್ಯಾಂಕನ್ನು ಅಂಗೈಯಿಂದ ಒತ್ತಿ ಮುಂದೆ ನೂಕಿದರು.

ನಿಂಬೆಹಣ್ಣಿಗೆ ಏನೂ ಆಗಲಿಲ್ಲ. ಎಡಗಡೆಯ ಚೈನು ಪಟ್ ಎಂದಿತು. ಕೊಂಡಿಗಳು ಅಕ್ಕಿಯ ಮೇಲೆ, ಹೂವಿನ ಮೇಲೆ, ಅಧ್ಯಕ್ಷರ ಅಂಗಿಯ ಮೇಲೆ ಚೆಲ್ಲಾಪಿಲ್ಲಿಯಾದವು. ಖಂಡೇಪೂಜೆಯಲ್ಲಿ ಗಾಡಿ ಮುರಿಯುವುದೆಂದರೆ ಅಪಶಕುನ. ಅಷ್ಟರಲ್ಲಿ ಸುಬೇದಾರರು ಮೈಕಿನ ಹತ್ತಿರ ಬಾಗಿ, "ಇರ್ಲಿ ಬಿಡ್ರಪಾ, ರೊಟ್ಟಿ ಗಾಡಿ ಇಷ್ಟಽ ಬಾಳೂದು," ಎಂದರು. ಭವನಕ್ಕೆ ಭವನವೇ ನಕ್ಕಿತು.

ಈರಪ್ಪನವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಅವರ ಮುಖ ನೋಡಲಾರದೆ ನಾನು ತಲೆ ತಗ್ಗಿಸಿದೆ. ತಲೆ ಎತ್ತಿದಾಗ ಅವರು ವೇದಿಕೆಯಿಂದಿಳಿದು ಶಾಂತಾಳ ಮುಂದೆ ನಿಂತಿದ್ದರು. "ಅಕ್ಕಾರ, ಆ ಎರಡನೇ ಡಬ್ಬಿ ಕೊಡ್ರಿಲ್ಲೆ," ಎಂದು ಇಸಿದುಕೊಂಡು ಮೇಲೆ ಹೋದರು. ತೋಪಿಲ್ಲದ ಟ್ಯಾಂಕನ್ನು ಹೊರತೆಗೆದು ಮುರಿದದ್ದರ ಮುಂದೆ ಇಟ್ಟರು. ಇದಕ್ಕೆ ಗಂಗವ್ವನ ಅರಿವೆ ತಾಗಿರಲಿಲ್ಲ, ಕೆಸರು ಹಾಗೇ ಇತ್ತು. ದಾರದ ಕೊಕ್ಕೆಯನ್ನು ಮುರಿದ ಟ್ಯಾಂಕಿನ ಮೂಗಿಗೆ ಸಿಕ್ಕಿಸಲು ನೋಡಿದರು. ಎರಡು ಸಲ ಜಾರಿತು, ಮೂರನೇ ಸಲ ಕಚ್ಚಿಕೊಂಡಿತು.

"ಇದು ನನ್ನ ಗಾಡಿ," ಎಂದರು ಮೈಕಿಲ್ಲದೆ. "ಇದಕ್ಕ ತೋಪಿಲ್ಲ. ನಾ ಒಂದೂ ಗುಂಡು ಹಾರಿಸಿಲ್ಲ, ಯಾರನೂ ಕೊಂದಿಲ್ಲ. ಹಿಂಗ ಚೈನ್ ಹರದು ನಿಂತವರನ್ನ ಜಗ್ಗಿಕೊಂಡು ಬಂದೇನಿ. ಒಳಗ ಮಂದಿ ಇರ್ತಿದ್ರು, ಅವರನೂ ಕೂಡಿ."

ಹೇಳಿ ಗಾಡಿಯನ್ನು ಮೆಲ್ಲಗೆ ಮುಂದೆ ತಳ್ಳಿದರು. ದಾರ ಬಿಗಿಯಿತು. ಮುರಿದ ಟ್ಯಾಂಕು ಹೂವು, ಕುಂಕುಮ, ನಿಂಬೆಹಣ್ಣು ಎಲ್ಲ ಬಿಟ್ಟು ಅಕ್ಕಿಯೊಳಗೆ ಗೀರು ಹಾಕುತ್ತ ಹಿಂದೆ ಹಿಂದೆ ಬಂತು.

ಹಿಂದಿನ ಸಾಲಿನಿಂದ ರೈತರೊಬ್ಬರು ಎದ್ದು ನಿಂತರು. "ಹವಾಲ್ದಾರ್ರ, ಅದು ಎಷ್ಟು ಟನ್ ಜಗ್ಗತಿತ್ರಿ?" ಎಂದು ಕೇಳಿದರು. ಈರಪ್ಪನವರು ಹೇಳಿದರು. ಭವನದಲ್ಲಿ ಗುಜುಗುಜು ಎದ್ದಿತು. "ಕಬ್ಬು ತುಂಬಿದ ಎರಡ್ ಟ್ರೇಲರ್ ಎರಿ ಹೊಲದಾಗ ಹುಗದ್ರ?" ಎಂದು ಇನ್ನೊಬ್ಬರು. "ಟ್ರ್ಯಾಕ್ಟರ್ ಸುದ್ದಾ ಜಗ್ಗತೈತಿ," ಎಂದರು ಈರಪ್ಪನವರು. ಆಮೇಲೆ ಪ್ರಶ್ನೆಗಳು ನಿಲ್ಲಲೇ ಇಲ್ಲ. ಹಗ್ಗ ಎಲ್ಲಿಗೆ ಕಟ್ಟಬೇಕು, ಗಾಲಿ ಮುಂದೆ ತೋಡಬೇಕೋ ಹಿಂದೆಯೋ, ಹಸಿ ಎರೆಮಣ್ಣಿನಲ್ಲಿ ಏನು ಹಾಸಬೇಕು. ವರ್ಷವರ್ಷವೂ ಗಾಡಿ ಹುಗಿಸಿಕೊಂಡು ಒದ್ದಾಡುವ ಊರು ಅದು. ತೋಪಿನಿಂದ ಅವರಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಊರು ಮೆಚ್ಚಬಹುದಾಗಿದ್ದ ಒಂದೇ ಒಂದು ಸಂಗತಿಯನ್ನು ಈ ಮನುಷ್ಯ ಇಷ್ಟು ವರ್ಷ ಊರಿನಿಂದ ಮುಚ್ಚಿಟ್ಟಿದ್ದರು.

ಗಂಗವ್ವ ಮುಂದಿನ ಸಾಲಿನಲ್ಲಿ ಕೂತಿದ್ದರು. ಎಲ್ಲರಿಗೂ ಕೇಳುವ ಹಾಗೆ ಹೇಳಿದರು: "ಇದನ್ನ ಆವಾಗಽ ಹೇಳಿದ್ರ ಏನ್ ಆಗತಿತ್ತ್ರಿ? ನಮ್ಮಪ್ಪಗ ಗುಂಡು ಹಾರಸು ಅಳಿಯಾ ಏನ್ ಮಾಡೂದಿತ್ತು? ಚಕ್ಕಡಿ ಹುಗದಾಗ ಜಗ್ಗಾಕ ಒಬ್ಬ ಬೇಕಾಗಿದ್ದ." ಈ ಸಲ ಭವನ ನಕ್ಕಾಗ ಈರಪ್ಪನವರೂ ನಕ್ಕರು. ಆ ಸಂಜೆ ಅವರು ಊರಿನ ಚಹಾದಂಗಡಿಯಲ್ಲಿ ನಮಗೆ ಚಹಾ ಕುಡಿಸಿಯೇ ಬಸ್ಸು ಹತ್ತಿಸಿದರು.

ಈರಪ್ಪನವರು ಹೋದ ವರ್ಷ ತೀರಿಕೊಂಡರು. ಕೊನೆಯ ತನಕ ಅವರಿಗೆ ಬಿಡುವಿರಲಿಲ್ಲವಂತೆ. ಮಳೆಗಾಲದಲ್ಲಿ ಯಾರ ಹೊಲದಲ್ಲಿ ಗಾಡಿ ಸಿಕ್ಕಿಕೊಂಡರೂ ಅವರು ಬಂದು ಬದುವಿನ ಮೇಲೆ ನಿಂತು ಹೇಳುವ ತನಕ ಯಾರೂ ಹಗ್ಗ ಮುಟ್ಟುತ್ತಿರಲಿಲ್ಲ ಎಂದು ಗಂಗವ್ವ ಹೇಳಿದರು. ನನಗೂ ಆಮೇಲೆ ಸುಮ್ಮನೆ ತೋಪಿನ ಟ್ಯಾಂಕು ಮಾಡಲು ಮನಸ್ಸಾಗಲಿಲ್ಲ. ಡಬ್ಬಿಗಳು ಬಿಚ್ಚದೆ ಬಿದ್ದಿವೆ.

ಪ್ಲಾಸ್ಟಿಕ್ಕಿನ ವಾಸನೆಗೆ ಇದೆಲ್ಲ ನೆನೆಸಿಕೊಳ್ಳುತ್ತ ಕೂತಿದ್ದಾಗಲೇ, ಊಟದ ಹೊತ್ತಿಗೆ, ಅಂಗಡಿಯ ಬಾಗಿಲಲ್ಲಿ ದೊಡ್ಡ ಮೀಸೆಯೊಂದು ಕಾಣಿಸಿತು. ಸುಬೇದಾರ್ ರುದ್ರಗೌಡರು. ಕಣ್ಣು ತೋರಿಸಬೇಕು ಎಂದರು. ಹಲಗೆಯ ಕೊನೆಯ ಸಾಲಿನ ತನಕ ಒಂದೂ ತಪ್ಪಿಲ್ಲದೆ ಓದಿದರು. ಕಣ್ಣಿಗೆ ಏನೂ ಆಗಿಲ್ಲ ಎಂದೆ. ಏಳಲಿಲ್ಲ. ನೆಲ ನೋಡುತ್ತ ಕೂತರು.

"ಆಚಾರ್ರ, ಈರಪ್ಪಗ ಮಾಡಿಕೊಟ್ಟಂಗ ನನಗೂ ಒಂದ್ ಮಾಡಿಕೊಡ್ತೀರೇನ್ರಿ?" ಎಂದರು ಕೊನೆಗೆ.

ಯಾವ ಟ್ಯಾಂಕು ಎಂದು ಕೇಳಿದೆ. ತಲೆ ಅಲ್ಲಾಡಿಸಿದರು. "ಟ್ಯಾಂಕ್ ಅಲ್ರಿ. ನಾ ಲಡಾಯಿಗಿ ಹೋದಂವ ಅಲ್ಲ.  ಸ್ಟೋರಿನಾಗ ಇದ್ದೆ. ಪಲ್ಟನ್ನಿಗೆಲ್ಲಾ ಬೂಟ ಕೊಡೂದು ನನ್ನ ಕೆಲಸಾ ಇತ್ತು. ಅದನ್ನ ಅಂವಾ ಇರೂತನಾ ಹೇಳಾಕ ಆಗಲಿಲ್ಲ ನನಗ. ಈ ಸಲ ಮಹಾನವಮಿಗೆ ಮಂದಿ ಮುಂದ ಇಡಬೇಕಂತ ಮಾಡೇನಿ. ಒಂದ್ ಬೂಟಿನ ಕಪಾಟು."

ನಾನು ನಗಲಿಲ್ಲ. ನನಗೆ ನಗು ಬರಲೂ ಇಲ್ಲ. ಈರಪ್ಪನವರು ಇದ್ದಿದ್ದರೆ ಈ ಮನುಷ್ಯನನ್ನೂ ಕೊಕ್ಕೆ ಹಾಕಿ ಮೆಲ್ಲಗೆ ಮೇಲೆ ತರುತ್ತಿದ್ದರು ಎನ್ನಿಸಿತು. ಚಹಾಕ್ಕೆ ಹೇಳಿ ಪೆನ್ಸಿಲು ಕೈಗೆತ್ತಿಕೊಂಡೆ. ಕಪಾಟಿಗೆ ಎಷ್ಟು ಖಾನೆ, ಬೂಟು ಕಪ್ಪೋ ಕಂದೋ ಎಂದೆಲ್ಲ ಕೇಳಿದೆ. ಒಂದೊಂದು ಬೂಟು ಜೋಳದ ಕಾಳಿನಷ್ಟೇ ಆಗುತ್ತದೆ, ಅಷ್ಟು ಸಣ್ಣದಕ್ಕೆ ಲೇಸು ಹಾಕುವುದು ಕಠಿಣ, ಬಿಟ್ಟುಬಿಡಲೇ ಎಂದೆ.

ಸುಬೇದಾರರು ಆಗ ತಲೆ ಎತ್ತಿದರು.

"ಹಾಕಬೇಕ್ರಿ," ಎಂದರು. "ಲೇಸ್ ಇಲ್ಲದ ಬೂಟ ನಾ ಯಾರಿಗೂ ಕೊಟ್ಟಂವ ಅಲ್ಲ."